ಮನೆ–ಹಿತ್ತಲು: ನಾಯಿಗೂ ಪಥ್ಯವುಂಟು

ಸೊರಬದ ಕಡೆಯ ಗೃಹಸ್ಥರೊಬ್ಬರು ಕಳೆದ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಕಾಗದವು ದೊಡ್ಡದು; ಅದರ ಸಾರವನ್ನಷ್ಟೇ ಇಲ್ಲಿ ಕೊಡುವೆನು. ಅವರ ಮನೆಯಲ್ಲಿ ಐದು ವರ್ಷದ ಗಂಡು ನಾಯಿಯೊಂದುಂಟು. ಜಾತಿಯ ನಾಯಿಯಲ್ಲ, ಊರ ನಾಯಿಯೇ, ತೂಕವು ಸುಮಾರು ೧೫ ಕಿಲೋಗ್ರಾಮ್. ಹಗಲು ಯಜಮಾನರ ಹಿಂದೆಯೇ ಗದ್ದೆ ತೋಟಗಳಿಗೆ ಹೋಗಿ ಬರುವುದು. ರಾತ್ರಿ ಕೊಟ್ಟಿಗೆಯ ಬಾಗಿಲಲ್ಲಿ ಮಲಗುವುದು. ಕೆಲವು ತಿಂಗಳುಗಳಿಂದ ಅದಕ್ಕೆ ಹೊಟ್ಟೆ ಸರಿಯಿಲ್ಲ. ಹದಿನೈದು ದಿನಕ್ಕೊಮ್ಮೆ ವಾಂತಿ, ಅದರ ಬೆನ್ನಿಗೇ ಭೇದಿ. ಎರಡು ದಿನ ಮೂಲೆಯಲ್ಲಿ ಬಿದ್ದಿದ್ದು ಮತ್ತೆ ಏಳುವುದು. ಈಗೀಗ ಪಕ್ಕೆಲುಬುಗಳು ಕಾಣಹತ್ತಿವೆಯಂತೆ. ಮುಂದೆ ಅವರ ಮಾತುಗಳಲ್ಲಿಯೇ ಕೇಳಿರಿ: “ನಾವು ಅದಕ್ಕೆ ಯಾವುದರಲ್ಲಿಯೂ ಕಡಮೆ ಮಾಡಿದವರಲ್ಲ. ನಾವು ಉಣ್ಣುವುದನ್ನೇ ಅದಕ್ಕೂ ಹಾಕುವೆವು. ಮನೆಯ ಮಕ್ಕಳು ತಮ್ಮ ತಟ್ಟೆಯದನ್ನು ಕೊಡದೆ ಏಳುವವರಲ್ಲ. ಒಮ್ಮೆ ಪೇಟೆಯಿಂದ ಚೀಲದ ಆಹಾರವನ್ನು ತರಿಸಿದೆವು; ಮೊದಲ ದಿನವೇ ಹೊಟ್ಟೆ ಬಿರಿಯ ತಿಂದು ಮರುದಿನ ಭೇದಿಯಾಯಿತು; ಅದನ್ನು ಬಿಟ್ಟೆವು. ನಮ್ಮದು ಮೊಟ್ಟೆ ಮಾಂಸಗಳು ಹೊಸಿಲು ದಾಟದ ಮನೆ. ಇಂಥ ನಾಯಿಗೆ ಯಾವ ಆಹಾರವನ್ನು ಆರಿಸತಕ್ಕದ್ದು?”

ಮಹಾಶಯರೇ, ತಮ್ಮ ಪ್ರಶ್ನೆಯ ಉತ್ತರವು ತಮ್ಮ ಕಾಗದದಲ್ಲಿಯೇ ಉಂಟು. “ನಾವು ಉಣ್ಣುವುದನ್ನೇ ಅದಕ್ಕೂ ಹಾಕುವೆವು” ಎಂದು ಬರೆದಿರುವಿರಷ್ಟೆ. ನಾಯಿಯ ಬೇನೆಯ ಬಹುಪಾಲು ಅಲ್ಲಿಯೇ ಇದ್ದೀತೆಂದು ನನ್ನ ಎಣಿಕೆ. ಇದನ್ನು ನಾನು ತಮ್ಮ ಮೇಲೆ ತಪ್ಪು ಹೊರಿಸಲು ಹೇಳುತ್ತಿಲ್ಲ. ಇದೇ ತಪ್ಪನ್ನು ಶಿಕಾರಿಪುರದಲ್ಲಿ ನಮ್ಮ ಮನೆಯಲ್ಲಿಯೂ ಮಾಡಿ, ಅದರ ಫಲವನ್ನು ಉಂಡಿರುವೆವು. ಆ ಸಂಗತಿಯನ್ನು ಮೊದಲು ಹೇಳಿಬಿಡುವುದು ಮೇಲು.

ನಮ್ಮ ನಾಯಿಗೆ ಕೆಂಚನೆಂದು ಹೆಸರು. ಎರಡು ವರ್ಷದ ಹಿಂದೆ ಭೂಮಿ ಹುಣ್ಣಿಮೆಯ ದಿನ ಅದೂ ನಮ್ಮೊಡನೆ ಗದ್ದೆಗೆ ಬಂದಿತ್ತು. ನಮ್ಮ ಸೀಮೆಯ ಈ ಹಬ್ಬವನ್ನು ಅರಿಯದ ವಾಚಕರಿಗಾಗಿ ಒಂದು ಮಾತು: ಆಶ್ವಯುಜದ ಹುಣ್ಣಿಮೆಯಂದು, ಬಸುರಿ ಹೆಣ್ಣುಮಗಳಿಗೆ ಬಯಕೆಯ ಊಟವಿಡುವಂತೆ, ತೆನೆ ಹೊತ್ತ ಭೂಮಿತಾಯಿಗೆ ಎಡೆಯಿಟ್ಟು, ಪೈರಿಗೆಲ್ಲ ಚರಗ ಚೆಲ್ಲಿ, ಬದುವಿನ ಮೇಲೆಯೇ ಮನೆಮಂದಿಯೆಲ್ಲ ಕುಳಿತು ಉಣ್ಣುವುದು ವಾಡಿಕೆ. ಅಂದು ಕೆಂಚನಿಗೆ ಸಿಕ್ಕಿದುದೇನೆಂದರೆ: ನನ್ನ ಎಲೆಯಿಂದ ತುಪ್ಪದಲ್ಲಿ ಮುಳುಗಿದ ಹೋಳಿಗೆಯೊಂದು, ತಮ್ಮನ ಮಕ್ಕಳಿಂದ ಕಡುಬು, ಎಷ್ಟೆಂಬುದು ಅವರಿಗೇ ತಿಳಿಯದು, ಅತ್ತಿಗೆಯವರಿಂದ ಪಾಯಸ, ಆಳುಮಕ್ಕಳಿಂದ ಒಗ್ಗರಣೆಯ ಬುತ್ತಿ, ಕೊನೆಗೆ ಅವ್ವನಿಂದ ಮೊಸರನ್ನ. ನಾನು ಸಾಕೆಂದಾಗ ಅವ್ವ ಹೇಳಿದಳು: “ಹಬ್ಬದ ದಿನ ಬಾಯಿಲ್ಲದ ಜೀವ ನೋಡುತ್ತ ಕೂತಿರುವಾಗ ನಾವಷ್ಟೇ ಉಂಡರೆ ಅದು ನಮಗೆ ದಕ್ಕುತ್ತದೇನೋ?” ಈ ಮಾತಿಗೆ ಎದುರು ಹೇಳುವ ಎದೆ ಯಾರಿಗಿದೆ?

ಅದೇ ರಾತ್ರಿ ಕೆಂಚನಿಗೆ ವಾಂತಿ ಮೊದಲಾಯಿತು. ಬೆಳಗಾಗುವ ಹೊತ್ತಿಗೆ ಅದು ಮುಂಗಾಲುಗಳನ್ನು ಚಾಚಿ ಎದೆಯನ್ನು ನೆಲಕ್ಕೆ ಊರಿ, ಹಿಂಭಾಗವನ್ನು ಮೇಲಕ್ಕೆತ್ತಿ ನಿಂತಿತ್ತು. ಮಕ್ಕಳು “ಕೆಂಚ ನಮಸ್ಕಾರ ಮಾಡುತ್ತಾನೆ” ಎಂದು ನಕ್ಕರು. ನನಗೂ ಅದರ ಅರ್ಥವು ತಿಳಿಯಲಿಲ್ಲ. ನಾಯಿಯನ್ನು ಪಶುವೈದ್ಯರ ಬಳಿಗೆ ಒಯ್ದಾಗ ತಿಳಿದುದೇನೆಂದರೆ, ಅದು ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವಿದ್ದಾಗ ನಾಯಿಯು ನಿಲ್ಲುವ ರೀತಿ. ಜಿಡ್ಡು ಮಿತಿಮೀರಿದ ಊಟದ ಬಳಿಕ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿಯು ಊದಿಕೊಳ್ಳುವುದುಂಟು. ಆಹಾರವನ್ನು ಅರಗಿಸಬೇಕಾದ ರಸಗಳು ಆಗ ಆ ಗ್ರಂಥಿಯನ್ನೇ ಅರಗಿಸಹತ್ತುವುವು. ಇದರಿಂದ ನಾಯಿಯು ಸಾಯಬಹುದು. ಕೆಂಚ ನಾಲ್ಕು ದಿನ ಸೂಜಿಯ ಮೂಲಕ ನೀರು ಔಷಧಗಳನ್ನು ಪಡೆದು ಬದುಕಿತು.

ಆ ವೈದ್ಯರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯು ಈಗಲೂ ನೆನಪಿದೆ. “ಯಜಮಾನರೇ, ನಾಯಿಗೆ ದಿನಕ್ಕೆ ಎಷ್ಟು ಸಲ ಊಟ?” ಎಂದರು. “ಎರಡು ಸಲ ಡಾಕ್ಟರೇ” ಎಂದೆನು. “ಮನೆಯಲ್ಲಿ ಎಷ್ಟು ಮಂದಿ?” ಎಂದರು. “ಎಂಟು” ಎಂದೆನು. “ಹಾಗಾದರೆ ಎರಡು ಸಲವಲ್ಲ, ಎಂಟು ಮಂದಿಯೂ ಹಾಕಿದುದನ್ನು ಎಣಿಸಿ ನಾಳೆ ಬಂದು ಹೇಳಿರಿ” ಎಂದರು. ಎಣಿಸಿದೆವು. ಹಬ್ಬವಿಲ್ಲದ ದಿನವೂ ಹದಿನೊಂದು ಸಲವಾಯಿತು.

ಪಥ್ಯವೆಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಬಾಣಂತಿಗೆ ಪಥ್ಯ, ಜ್ವರ ಬಿಟ್ಟವನಿಗೆ ಪಥ್ಯ. ರೋಗಿಯು ಬೇಡಿದರೂ ಕೊಡದ ಹಿರಿಯರು, ನಾಯಿಯು ಬಾಲವಾಡಿಸಿದ ಮಾತ್ರಕ್ಕೆ ಕೊಟ್ಟುಬಿಡುವರು. ಕೆಟ್ಟ ಹೊಟ್ಟೆಯ ನಾಯಿಗೆ ಯಾವ ಆಹಾರವೆಂಬುದಕ್ಕಿಂತ, ದಿನವೂ ಅದೇ ಆಹಾರ, ಅಷ್ಟೇ ಆಹಾರ, ಒಬ್ಬರ ಕೈಯಿಂದಲೇ ಎಂಬುದು ದೊಡ್ಡದು. ನಾಯಿಯ ಕರುಳಿನಲ್ಲಿ ಆಹಾರವನ್ನು ಒಡೆಯುವ ಅಸಂಖ್ಯ ಸೂಕ್ಷ್ಮಜೀವಿಗಳಿರುವುವು; ಅವು ದಿನವೂ ಬರುವ ಆಹಾರಕ್ಕೆ ಹೊಂದಿಕೊಂಡಿರುವುವು. ಇಂದು ಹೋಳಿಗೆ, ನಾಳೆ ಹುಳಿಯನ್ನ, ನಾಡಿದ್ದು ಚೀಲದ ಆಹಾರವೆಂದರೆ ಅವಕ್ಕೆ ಹೊಂದಿಕೊಳ್ಳಲು ಎಡೆಯೆಲ್ಲಿ? ಸೊರಬದ ಗೃಹಸ್ಥರ ನಾಯಿಗೆ ಚೀಲದ ಆಹಾರದಿಂದ ಭೇದಿಯಾದುದು ಆಹಾರದ ದೋಷದಿಂದಲೇ ಎಂದು ಹೇಳಲಾಗದು. ಹಳೆಯದನ್ನು ಒಂದೇ ದಿನದಲ್ಲಿ ಬಿಡಿಸಿ ಹೊಸದನ್ನು ಹೊಟ್ಟೆ ತುಂಬ ಹಾಕಿದರೆ ಒಳ್ಳೆಯ ಆಹಾರವೂ ಹಾಗೆಯೇ ಮಾಡುವುದು. ಮೊದಲೆರಡು ದಿನ ಕಾಲುಭಾಗ ಹೊಸದು, ಮುಕ್ಕಾಲು ಹಳೆಯದು. ಮತ್ತೆರಡು ದಿನ ಅರ್ಧರ್ಧ. ಅನಂತರ ಮುಕ್ಕಾಲು ಹೊಸದು. ಹೀಗೆ ಒಂದು ವಾರದಲ್ಲಿ ಬದಲಾಯಿಸತಕ್ಕದ್ದು. ಸೂಕ್ಷ್ಮ ಹೊಟ್ಟೆಯ ನಾಯಿಗೆ ಹತ್ತು ದಿನವಾದರೂ ಆಗಲಿ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ತರುವರು. ನಾಯಿಯು ತೋಳದ ಕುಲದ್ದು, ಮಾಂಸಾಹಾರಿ. ಅನ್ನ ಹಾಕುವುದೇ ತಪ್ಪು ಎಂಬುದಾಗಿ. ನಮ್ಮ ಶಿಕಾರಿಪುರಕ್ಕೆ ಬೇಟೆಯ ಕಾರಣದಿಂದಲೇ ಆ ಹೆಸರು ಬಂದಿತೆಂದು ಹೇಳಿಕೆಯುಂಟು. ಬೇಟೆಯಿದ್ದಲ್ಲಿ ನಾಯಿಯೂ ಇದ್ದೀತು. ಕನ್ನಡನಾಡಿನವರು ನಾಯಿಯನ್ನು ಗೌರವಿಸಿದ್ದು ಇಂದು ನಿನ್ನೆಯಲ್ಲ. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಶಾಸನವೊಂದು, ಕಾಡುಹಂದಿಯೊಡನೆ ಕಾದಾಡಿ ಮಡಿದ ಕಾಳಿಯೆಂಬ ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟ ಸಂಗತಿಯನ್ನು ಹೇಳುವುದು. ಕಾಳಿಯು ಏನನ್ನು ಉಣ್ಣುತ್ತಿತ್ತೆಂಬುದನ್ನು ಮಾತ್ರ ಬರೆಸಲಿಲ್ಲ! ಇರಲಿ. ೨೦೧೩ರಲ್ಲಿ ಸ್ವೀಡನ್ ದೇಶದ ವಿಜ್ಞಾನಿಗಳು ನಾಯಿಯ ಮತ್ತು ತೋಳದ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಪಿಷ್ಟವನ್ನು ಅರಗಿಸುವ ಕಿಣ್ವವನ್ನುಂಟುಮಾಡುವ ವಂಶವಾಹಿಯು ತೋಳದಲ್ಲಿ ಎರಡೇ ಪ್ರತಿಗಳಿದ್ದು, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುವುದನ್ನು ಕಂಡರು. ಸಾವಿರಾರು ವರ್ಷಗಳ ಕಾಲ ಮನುಷ್ಯರ ಹಿತ್ತಲಲ್ಲಿ ಬಾಳಿದ ನಾಯಿಯು ನಮ್ಮ ಕಾಳುಕಡ್ಡಿಗಳನ್ನು ಅರಗಿಸಲು ಕಲಿತಿರುವುದು. ಆದುದರಿಂದ ಚೆನ್ನಾಗಿ ಬೆಂದ ಅನ್ನವು ನಾಯಿಗೆ ವಿಷವಲ್ಲ; ಹೊಟ್ಟೆ ಕೆಟ್ಟಾಗ ಅದೇ ಮೊದಲ ಆಧಾರ. ಬರಿಯ ಅನ್ನವು ಸಾಲದೆಂಬುದು ಬೇರೆ ಮಾತು.

ಈಗ ಪಥ್ಯದ ಕ್ರಮವನ್ನು ಹೇಳುವೆನು. ಇದು ದೊಡ್ಡ ನಾಯಿಗೆ, ಅದೂ ಒಂದೆರಡು ಸಲ ವಾಂತಿಯೋ ಭೇದಿಯೋ ಆಗಿ ಮಿಕ್ಕಂತೆ ಚುರುಕಾಗಿರುವ ನಾಯಿಗೆ ಮಾತ್ರ ಸಲ್ಲುವುದು. ವಾಂತಿಯಿದ್ದಲ್ಲಿ ಕೆಲವು ಗಂಟೆಗಳ ಕಾಲ ಆಹಾರವನ್ನು ನಿಲ್ಲಿಸಬಹುದು. ಹನ್ನೆರಡು ಗಂಟೆಗಿಂತ ಹೆಚ್ಚು ಬೇಡ. ಹಿಂದೆ ಒಂದು ಹಗಲು ಒಂದು ರಾತ್ರಿ ಲಂಘನ ಕೆಡಹುತ್ತಿದ್ದರು. ಕರುಳಿನ ಒಳಪದರಕ್ಕೆ ಅಲ್ಲಿಗೆ ಬರುವ ಆಹಾರದಿಂದಲೇ ಪೋಷಣೆಯಾಗುವುದರಿಂದ ಬೇಗನೆ ಸ್ವಲ್ಪ ಸ್ವಲ್ಪ ಕೊಡುವುದೇ ಹಿತವೆಂದು ಈಗಿನ ವೈದ್ಯರ ಮತ. ಬರಿಯ ಭೇದಿಯಿದ್ದು ವಾಂತಿಯಿಲ್ಲದಿದ್ದರೆ ಉಪವಾಸವೇ ಬೇಕಾಗಿಲ್ಲ. ನೀರನ್ನಂತೂ ಎಂದಿಗೂ ಕಸಿಯಬಾರದು. ಒಂದೇ ಸಲ ಬೋಗುಣಿ ತುಂಬ ಕುಡಿದು ವಾಂತಿ ಮಾಡುವ ನಾಯಿಗೆ ಅರ್ಧ ಗಂಟೆಗೊಮ್ಮೆ ನಾಲ್ಕೈದು ಚಮಚ ನೀರನ್ನು ಇಡುವುದು.

ಬಳಿಕ ಅನ್ನ. ಅಕ್ಕಿಯನ್ನು ಹೆಚ್ಚು ನೀರಿಟ್ಟು, ಉಪ್ಪು ಎಣ್ಣೆ ಒಗ್ಗರಣೆಗಳಿಲ್ಲದೆ, ಬೆರಳಲ್ಲಿ ಹಿಸುಕಿದರೆ ನುಣ್ಣಗಾಗುವಷ್ಟು ಬೇಯಿಸಬೇಕು. ಇದರ ಎರಡು ಮೂರು ಪಾಲಿಗೆ ಒಂದು ಪಾಲಿನಂತೆ, ಚರ್ಮ ಮೂಳೆಗಳನ್ನು ತೆಗೆದು ಬರಿಯ ನೀರಿನಲ್ಲಿ ಬೇಯಿಸಿದ ಕೋಳಿಯ ಮಾಂಸವನ್ನು ಹಿಸುಕಿ ಸೇರಿಸುವುದು ವೈದ್ಯರ ಸಾಮಾನ್ಯ ಕ್ರಮ. ಲೆಕ್ಕಕ್ಕೆ ಹೇಳುವುದಾದರೆ, ೧೫ ಕಿಲೋಗ್ರಾಮ್ ತೂಕದ ನಾಯಿಯು ಸುಮ್ಮನೆ ಮಲಗಿದ್ದರೂ ಅದಕ್ಕೆ ದಿನಕ್ಕೆ ಸುಮಾರು ೫೩೦ ಕ್ಯಾಲರಿ ಬೇಕು. ೩೦೦ ಗ್ರಾಮ್ ಅನ್ನಕ್ಕೆ ೧೦೦ ಗ್ರಾಮ್ ಬೆಂದ ಕೋಳಿಮಾಂಸ ಸೇರಿದರೆ ಹೆಚ್ಚುಕಡಮೆ ಅಷ್ಟಾಗುವುದು. ಇದನ್ನು ಒಂದೇ ಸಲಕ್ಕೆ ಸುರಿಯದೆ ನಾಲ್ಕಾರು ಸಲ ಹಂಚಿ ಕೊಡತಕ್ಕದ್ದು. ಬೇನೆ ನಿಂತು ಓಡಾಟ ಮೊದಲಾದ ಮೇಲೆ ಇದರ ಒಂದೂವರೆ ಪಾಲು ಬೇಕಾದೀತು.

ಮಾಂಸವು ಹೊಸಿಲು ದಾಟದ ಮನೆಯವರು ಏನು ಮಾಡಬೇಕು? ನಮ್ಮದೂ ಅಂಥದೇ ಮನೆ. ಕೆನೆ ತೆಗೆದ ಹಾಲನ್ನು ಕಾಯಿಸಿ, ನಿಂಬೆಯ ರಸವನ್ನು ಹಿಂಡಿ ಒಡೆಸಿ, ಬಿಳಿಯ ಬಟ್ಟೆಯಲ್ಲಿ ಸೋಸಿ ತೊಳೆದು ನೀರು ಬಸಿದ ಗಟ್ಟಿಯನ್ನು ಮಾಂಸದ ಬದಲು ಸೇರಿಸಬಹುದು. ಹಾಲು ಸಲ್ಲದ ನಾಯಿಗೆ ಇದು ಹೇಗೆ ಸಲ್ಲುವುದೆಂದು ಕೇಳುವಿರಿ. ಮರಿತನ ಕಳೆದ ಬಹಳ ನಾಯಿಗಳಿಗೆ ಹಾಲಿನ ಸಕ್ಕರೆಯನ್ನು ಒಡೆಯುವ ಶಕ್ತಿ ಕುಗ್ಗುವುದು; ಅರಗದ ಸಕ್ಕರೆಯು ಕರುಳಿಗೆ ನೀರನ್ನೆಳೆದು ಭೇದಿ ಮಾಡಿಸುವುದು. ಹಾಲು ಒಡೆದಾಗ ಆ ಸಕ್ಕರೆಯ ಬಹುಭಾಗವು ತಿಳಿನೀರಿನೊಡನೆ ಹೊರಟುಹೋಗುವುದು. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ, ಹುಳಿಯಾಗದ ಮೊಸರೂ ಹಾಗೆಯೇ. ಭೇದಿಯ ನಾಯಿಗೆ ಹಸಿ ಹಾಲನ್ನು ಹಾಕಿ “ತಂಪು” ಎನ್ನುವ ಪದ್ಧತಿಯನ್ನು ಮಾತ್ರ ಬಿಡಬೇಕು. ಮೊಟ್ಟೆಗೆ ಒಪ್ಪುವವರಾದರೆ ಗಟ್ಟಿಯಾಗಿ ಬೇಯಿಸಿದ ಒಂದು ಮೊಟ್ಟೆಯಿಂದ ಸುಮಾರು ೬ ಗ್ರಾಮ್ ಸಸಾರಜನಕವು ದೊರೆಯುವುದು. ನಮ್ಮ ಅವ್ವ ಮೂರು ದಿನ ಯೋಚಿಸಿ, ಕೊಟ್ಟಿಗೆಯ ಹಿಂದೆ ಬೇರೆ ಒಲೆ, ಬೇರೆ ಪಾತ್ರೆ, ಅದನ್ನು ಮುಟ್ಟಿದವರು ಕೈಕಾಲು ತೊಳೆದು ಒಳಗೆ ಬರುವುದು ಎಂಬ ಕರಾರಿನ ಮೇಲೆ ಮೊಟ್ಟೆಗೆ ಒಪ್ಪಿಗೆ ಕೊಟ್ಟಳು. ಪ್ರತಿಯೊಂದು ಮನೆಯೂ ತನ್ನ ಆಚಾರಕ್ಕೆ ತಕ್ಕ ದಾರಿಯನ್ನು ಕಂಡುಕೊಳ್ಳಲಿ.

ಬೇಯಿಸಿ ಹಿಸುಕಿದ ಸಿಹಿಗುಂಬಳವನ್ನು ಒಂದೆರಡು ಚಮಚ ಸೇರಿಸಿದರೆ ಅದರ ನಾರು ಸಡಿಲ ಮಲವನ್ನು ಕಟ್ಟುವುದಕ್ಕೆ ನೆರವಾಗುವುದು. ಮಲವು ಎರಡು ದಿನ ಗಟ್ಟಿಯಾಗಿ ಬಂದ ಮೇಲೆ, ಮೇಲೆ ಹೇಳಿದ ರೀತಿಯಿಂದ ಮೆಲ್ಲನೆ ಮೊದಲಿನ ಊಟಕ್ಕೆ ತರುವುದು. ಈ ಪಥ್ಯದ ಅನ್ನವನ್ನೇ ತಿಂಗಳುಗಟ್ಟಲೆ ಮುಂದುವರಿಸಬಾರದು. ಇದರಲ್ಲಿ ಸುಣ್ಣದ ಅಂಶವು ಸಾಲದು. ಸತು ಮೊದಲಾದ ಲವಣಗಳೂ ಜೀವಸತ್ವಗಳೂ ಸಾಲವು. ಒಂದು ವಾರದ ಔಷಧವನ್ನು ವರ್ಷದ ಊಟವೆಂದು ತಿಳಿದು ನಾಯಿಗಳ ಎಲುಬನ್ನು ಸೊರಗಿಸಿದವರು ಉಂಟು.

ನಮ್ಮ ಅಡಿಗೆಯಲ್ಲಿ ನಾಯಿಗೆ ಸಲ್ಲದ ಪದಾರ್ಥಗಳನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಯಾತಕ್ಕೆಂದರೆ ಇವುಗಳಲ್ಲಿ ಕೆಲವನ್ನು ನಾವು ನಿತ್ಯವೂ ನಿರ್ಭಯವಾಗಿ ಹಾಕುತ್ತಿರುವೆವು. ಮೊದಲನೆಯದು ಈರುಳ್ಳಿ, ಬೆಳ್ಳುಳ್ಳಿಯೂ ಅದೇ ಜಾತಿಯದು. ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುವುವು. ಬೇಯಿಸಿದರೂ ಒಣಗಿಸಿದರೂ ಆ ಗುಣವು ಹೋಗದು. ನಾಯಿಯ ತೂಕದ ಒಂದೊಂದು ಕಿಲೋಗ್ರಾಮಿಗೆ ೧೫ರಿಂದ ೩೦ ಗ್ರಾಮ್ ಈರುಳ್ಳಿಯು ಹೊಟ್ಟೆಗೆ ಹೋದರೆ ರಕ್ತದಲ್ಲಿ ಕೆಡುಕು ಕಾಣಿಸುವುದೆಂದು ತಿಳಿದುಬಂದಿದೆ. ಇದು ಅಂದೇ ತಿಳಿಯದು. ಕೆಲವು ದಿನಗಳ ಮೇಲೆ ವಸಡು ಬಿಳಿಚಿಕೊಂಡು ಮೂತ್ರವು ಕೆಂಪಾಗುವುದು. ಆಗ ಮನೆಯವರಿಗೆ ಸೋಮವಾರದ ಪಲ್ಯವು ನೆನಪಿಗೆ ಬರುವುದೇ?

ಪಾಯಸದ ದ್ರಾಕ್ಷಿಯು ಇನ್ನೂ ಕ್ರೂರವಾದುದು. ಹಸಿಯಾಗಲಿ ಒಣಗಿದುದಾಗಲಿ, ದ್ರಾಕ್ಷಿಯು ಕೆಲವು ನಾಯಿಗಳ ಮೂತ್ರಪಿಂಡಗಳನ್ನು ಎರಡು ಮೂರು ದಿನಗಳಲ್ಲಿ ಕೆಡಿಸಿಬಿಡುವುದು. ಯಾವ ನಾಯಿಗೆ ಎಷ್ಟು ಸಾಕೆಂದು ಮೊದಲೇ ಹೇಳಲಾಗದು. ಬಹುಕಾಲ ಇದರ ಕಾರಣವು ಗೂಢವಾಗಿಯೇ ಇತ್ತು. ೨೦೨೧ರಲ್ಲಿ ಅಮೇರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಸೂಚಿಸಿದರು. ಆ ಆಮ್ಲವು ಹೇರಳವಾಗಿರುವ ಇನ್ನೊಂದು ಹಣ್ಣು ಯಾವುದೆಂದರೆ, ನಮ್ಮ ಹುಣಸೆ. ಹುಣಸೆಯನ್ನು ತಿಂದ ನಾಯಿಗಳಲ್ಲಿಯೂ ಅದೇ ಬಗೆಯ ಮೂತ್ರಪಿಂಡದ ಕೇಡು ಕಂಡುಬಂದಿರುವುದು. ದಿನವೂ ಸಾರನ್ನ ಉಂಡು ಮುದಿಯಾದ ನಾಯಿಗಳು ನಮ್ಮ ಬೀದಿಗಳಲ್ಲಿ ಇಲ್ಲವೇ ಎಂದು ಕೇಳಬಹುದು. ಇವೆ, ತಿಳಿಸಾರಿನಲ್ಲಿ ಹುಣಸೆಯು ಅತ್ಯಲ್ಪ. ಆದರೆ ಗೊಜ್ಜು, ಹುಳಿಯನ್ನ, ಹಿಂಡಿ ಎಸೆದ ಹುಣಸೆಯ ಚರಟ, ಇವು ನಾಯಿಯ ಬಾಯಿಗೆ ಬೀಳದಂತೆ ನೋಡುವುದು ಜಾಣತನ. ಹೊಟ್ಟೆಯು ಮೊದಲೇ ಕೆಟ್ಟಿರುವ ನಾಯಿಗೆ ಹುಳಿ ಖಾರಗಳ ಸಾರನ್ನವನ್ನೇ ಬಿಡಿಸತಕ್ಕದ್ದು.

ಬೆಂದ ಮೂಳೆಯು ಚೂಪುಚೂಪಾಗಿ ಸೀಳಿ ಕರುಳನ್ನು ಚುಚ್ಚುವುದು ಅಥವಾ ಕಟ್ಟಿಕೊಳ್ಳುವುದು. ಚಾಕೊಲೇಟು ಸಲ್ಲದು. ಸಕ್ಕರೆಯ ಬದಲಿಗೆ ಕ್ಸೈಲಿಟಾಲ್ ಸೇರಿಸಿದ ಮಿಠಾಯಿಗಳಿಂದ ನಾಯಿಯ ರಕ್ತದ ಸಕ್ಕರೆಯು ಗಂಟೆಯೊಳಗೆ ಕುಸಿಯಬಹುದು. ಮನುಷ್ಯರ ನೋವಿನ ಗುಳಿಗೆಗಳನ್ನೂ ಭೇದಿಯ ಗುಳಿಗೆಗಳನ್ನೂ ವೈದ್ಯರು ಹೇಳದೆ ನಾಯಿಗೆ ಕೊಡಲೇಕೂಡದು.

ಅಡಿಕೆಯ ಸೀಮೆಯವರಾದ್ದರಿಂದ ಇನ್ನೊಂದು ಮಾತು. ನಾಯಿಯ ಹೊಟ್ಟೆಯಲ್ಲಿ ಹುಳವಾದರೆ ಅಡಿಕೆಯ ಪುಡಿಯನ್ನು ಕೊಡುವ ಹಳೆಯ ಮದ್ದು ಕೆಲವು ಮನೆಗಳಲ್ಲಿ ಇಂದಿಗೂ ಉಂಟು. ಇದು ಬರಿಯ ಮೂಢನಂಬಿಕೆಯಲ್ಲ. ಅಡಿಕೆಯ ಸತ್ವವಾದ ಅರೆಕೊಲಿನ್ ಎಂಬುದನ್ನು ನಾಯಿಗಳ ಲಾಡಿಹುಳಕ್ಕೆ ಔಷಧವಾಗಿ ಪಶುವೈದ್ಯರೇ ಅನೇಕ ದೇಶಗಳಲ್ಲಿ ಬಹುಕಾಲ ಬಳಸಿದರು. ಆದರೆ ಮದ್ದಿನ ಅಳತೆಗೂ ವಿಷದ ಅಳತೆಗೂ ಅಂತರವು ಕಿರಿದು. ನಾಯಿಯು ಜೊಲ್ಲು ಸುರಿಸಿ, ವಾಂತಿ ಭೇದಿಗಳಾಗಿ ಕುಸಿಯುವುದು. ಪ್ರಾಜಿಕ್ವಾಂಟೆಲ್ ಎಂಬ ನಿರಪಾಯದ ಔಷಧವು ಬಂದ ಮೇಲೆ ಅದನ್ನು ಕೈಬಿಟ್ಟರು. ಸೊರಬದ ಗೃಹಸ್ಥರು ಆಹಾರವನ್ನು ಬದಲಾಯಿಸುವುದಕ್ಕೆ ಮುಂಚೆ ನಾಯಿಯ ಮಲವನ್ನು ಸ್ವಲ್ಪ ಡಬ್ಬಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಲಿ. ಕೊಕ್ಕೆಹುಳುಗಳಿದ್ದರೆ ಎಂಥ ಅಮೃತಾನ್ನವನ್ನು ಹಾಕಿದರೂ ಮೈ ಹತ್ತದು. ಉಣುಗುಗಳಿಂದ ಬರುವ ರಕ್ತದ ರೋಗದಲ್ಲಿಯೂ ನಾಯಿಯು ಊಟ ಬಿಟ್ಟು ಸೊರಗುವುದು. ಆದ್ದರಿಂದ ಕಿವಿಯ ಒಳಗನ್ನೂ ಬೆರಳುಗಳ ಸಂದನ್ನೂ ನೋಡುವುದು ಲೇಸು.

ಇಲ್ಲಿಯವರೆಗೆ ಬರೆದುದನ್ನು ಓದಿ, ಎಲ್ಲ ವಾಂತಿ ಭೇದಿಗಳಿಗೂ ಅನ್ನದ ಪಥ್ಯವೇ ಸಾಕೆಂದು ಯಾರೂ ತಿಳಿಯಬಾರದು. ಕೆಂಚನಿಗಿಂತ ಮುಂಚೆ ನಮ್ಮ ಮನೆಗೆ ಮೂರು ತಿಂಗಳ ಹೆಣ್ಣುಮರಿಯೊಂದು ಬಂದಿತ್ತು. ಬಂದ ಎಂಟನೆಯ ದಿನ ವಾಂತಿ ಮಾಡಿತು. ಅಜೀರ್ಣವೆಂದು ನಾನು ಗಂಜಿಯ ತಿಳಿಯನ್ನೂ ಮಜ್ಜಿಗೆಯನ್ನೂ ಕುಡಿಸಿದೆನು. ಮರುದಿನ ರಕ್ತಭೇದಿಯಾಯಿತು. ಅಂದು ಭಾನುವಾರ, ನಾಳೆ ನೋಡೋಣವೆಂದೆನು. ಸೋಮವಾರ ಬೆಳಗ್ಗೆ ಗೋಣಿಯ ಮೇಲೆ ಅದು ತಣ್ಣಗಾಗಿತ್ತು. ಮಕ್ಕಳು ಅದಕ್ಕೆ ಇನ್ನೂ ಹೆಸರನ್ನು ಇಟ್ಟಿರಲಿಲ್ಲ. ಎರಡು ಹೆಸರುಗಳ ನಡುವೆ ಜಗಳವಾಡುತ್ತಿದ್ದರು. ಅದಕ್ಕೆ ಬಂದಿದ್ದುದು ಪಾರ್ವೋ ಎಂಬ ರೋಗವೆಂದು ಲಕ್ಷಣಗಳನ್ನು ಕೇಳಿದ ವೈದ್ಯರು ಆಮೇಲೆ ಹೇಳಿದರು. ೧೯೭೮ರ ಸುಮಾರಿಗೆ ಕಾಣಿಸಿಕೊಂಡು ಒಂದೆರಡು ವರ್ಷಗಳಲ್ಲಿಯೇ ಲೋಕದಲ್ಲೆಲ್ಲ ಹರಡಿದ ಈ ವೈರಾಣುವು ಮರಿಗಳ ಕರುಳಿನ ಒಳಪದರವನ್ನೇ ಸುಲಿದುಹಾಕುವುದು. ಸಕಾಲಕ್ಕೆ ನರಕ್ಕೆ ನೀರು ಕೊಟ್ಟು ಆರೈಕೆ ಮಾಡಿದರೆ ಬಹಳ ಮರಿಗಳು ಉಳಿಯುವುವು; ಗಂಜಿಯಿಂದ ಉಳಿಯವು. ನಾನು ಕಳೆದ ಆ ಎರಡು ದಿನಗಳೇ ಅದರ ಆಯುಷ್ಯವಾಗಿತ್ತು. ಆರರಿಂದ ಎಂಟು ವಾರದೊಳಗೆ ಮೊದಲನೆಯ ಲಸಿಕೆ, ಮತ್ತೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ ಹಾಕಿಸುವುದರಿಂದ ಇದನ್ನು ತಡೆಯಬಹುದು. ಮರಿಯು ಸತ್ತ ಜಾಗದಲ್ಲಿ ಈ ವೈರಾಣುವು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದವರೆಗೂ ಉಳಿಯುವುದರಿಂದ, ಲಸಿಕೆಯಾಗದ ಹೊಸ ಮರಿಯನ್ನು ಅಲ್ಲಿಗೆ ತರಬಾರದು.

ಆದುದರಿಂದ ಮರಿಯಾದರೆ ಒಂದು ದಿನವೂ ಕಾಯತಕ್ಕದ್ದಲ್ಲ. ದೊಡ್ಡ ನಾಯಿಯಾದರೂ ರಕ್ತ ಬಿದ್ದರೆ, ಡಾಂಬರಿನಂತೆ ಕಪ್ಪಗೆ ಮಲವಾದರೆ, ನೀರೂ ನಿಲ್ಲದಂತೆ ವಾಂತಿಯಾದರೆ, ವಾಂತಿಗೆ ಎಳೆಯುತ್ತಿದ್ದರೂ ಏನೂ ಬಾರದೆ ಹೊಟ್ಟೆಯು ನಗಾರಿಯಂತೆ ಉಬ್ಬಿದರೆ, ಕೆಂಚನಂತೆ ಎದೆಯೂರಿ ನಿಂತರೆ, ಕೂಡಲೇ ಒಯ್ಯಬೇಕು. ಭುಜದ ಮೇಲಿನ ಚರ್ಮವನ್ನು ಹಿಡಿದೆತ್ತಿ ಬಿಟ್ಟರೆ ಅದು ತಟ್ಟನೆ ಕೆಳಗಿಳಿಯಬೇಕು. ನಿಧಾನವಾಗಿ ಇಳಿದರೆ ಮೈಯ ನೀರು ಬತ್ತಿದೆಯೆಂದು ಅರ್ಥ. ನಡುಕವೂ ಜೊಲ್ಲೂ ಕೂಡಿದ್ದರೆ ಗದ್ದೆಗೆ ಹೊಡೆದ ಕೀಟನಾಶಕವನ್ನೋ ಇಲಿಪಾಷಾಣವನ್ನೋ ಸಂಶಯಿಸಿ, ಡಬ್ಬಿಯಿದ್ದರೆ ಅದನ್ನೂ ಒಯ್ಯಬೇಕು. ನುಂಗಲಾರದೆ ಜೊಲ್ಲು ಸುರಿಸುವ, ನಡತೆ ಬದಲಾದ ನಾಯಿಯ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ತಿಳಿದು ಬಾಯೊಳಗೆ ಕೈಹಾಕುವುದು ಪ್ರಾಣಾಪಾಯ. ಹುಚ್ಚುನಾಯಿಯ ರೋಗವೂ ಹಾಗೆಯೇ ತೋರುವುದು. ನಮ್ಮ ತಾಲ್ಲೂಕುಗಳಲ್ಲಿ ಪಶು ಆಸ್ಪತ್ರೆಗಳಿವೆ. ಅಲ್ಲಿ ಆಗದ ಪರೀಕ್ಷೆಗಳಿಗಾಗಿ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ದನವಿಲ್ಲದೆ ನಾಯಿಯೊಂದಕ್ಕಾಗಿಯೇ ಆಸ್ಪತ್ರೆಗೆ ಹೋಗಲು ನಾಚುವವರನ್ನು ಕಂಡಿದ್ದೇನೆ. ನಾಚಿಕೆಗೆ ಕಾರಣವನ್ನು ಕಾಣೆನು.

ಸೊರಬದ ನಾಯಿಯ ಬೇನೆಯು ಮೂರು ವಾರಗಳನ್ನು ಮೀರಿರುವುದರಿಂದ ಅದನ್ನು ಹಳೆಯ ರೋಗವೆಂದೇ ಎಣಿಸಬೇಕು. ಮಲಪರೀಕ್ಷೆಯಾಗಿ ಹುಳದ ಔಷಧವಾದ ಬಳಿಕ, ವೈದ್ಯರ ಸಲಹೆಯಿಂದ ಒಂದೇ ಆಹಾರವನ್ನು ಗೊತ್ತುಮಾಡಿಕೊಂಡು, ಅದಕ್ಕೆ ಮೆಲ್ಲಮೆಲ್ಲನೆ ತಂದು, ಅನಂತರ ಎರಡು ವಾರ ಅದನ್ನುಳಿದು ಬೇರೇನೂ ಬಾಯಿಗೆ ಬೀಳದಂತೆ ಕಾಯಬೇಕು. ಇಂಥ ಬೇನೆಗಳಲ್ಲಿ ಆಹಾರದಿಂದಲೇ ಗುಣವಾಗುವಂಥವು ಬಹಳ. ಅವು ಸಾಮಾನ್ಯವಾಗಿ ಎರಡು ವಾರದೊಳಗೆ ಗುಣವನ್ನು ತೋರಿಸುವುವು. ಒಂದು ಬಿಸ್ಕತ್ತು, ಒಂದು ತುತ್ತು ಚಿತ್ರಾನ್ನವಾದರೂ ನಡುವೆ ಸೇರಿದರೆ ಪರೀಕ್ಷೆಯು ಕೆಟ್ಟಂತೆಯೇ. ಚೀಲದ ಆಹಾರವನ್ನು ಆರಿಸುವುದಾದರೆ, ಬೆಲೆಯನ್ನೂ ಚಿತ್ರವನ್ನೂ ನೋಡದೆ, ದೊಡ್ಡ ನಾಯಿಗೆ ಸಂಪೂರ್ಣ ಸಮತೋಲ ಆಹಾರವೆಂದು ಬರೆದಿದೆಯೇ, ಜಿಡ್ಡಿನ ಪ್ರಮಾಣವು ಕಡಮೆಯಿದೆಯೇ ಎಂದು ನೋಡಲಿ. ಸಸ್ಯಾಹಾರದ ಚೀಲಗಳೂ ಈಗ ದೊರೆಯುವುವು. ಮನೆಯಲ್ಲಿಯೇ ಬೇಯಿಸುವುದಾದರೆ ಸುಣ್ಣವನ್ನೂ ಲವಣಗಳನ್ನೂ ಎಷ್ಟು ಸೇರಿಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಲಿ.

ಮಕ್ಕಳಿಗೆ ಬೇಡವೆಂದು ಹೇಳಿ ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಮಾಡಿದ ಉಪಾಯವನ್ನು ಹೇಳುವೆನು. ಕೆಂಚನ ದಿನದ ಊಟವನ್ನೆಲ್ಲ ಬೆಳಗ್ಗೆಯೇ ಅಳೆದು ಒಂದು ಡಬ್ಬಿಯಲ್ಲಿಡುವೆವು. ಕೊಡಬೇಕೆಂದು ಆಸೆಯಾದವರು ಆ ಡಬ್ಬಿಯಿಂದಲೇ ಒಂದು ಹಿಡಿ ತೆಗೆದು ಕೊಡತಕ್ಕದ್ದು. ಡಬ್ಬಿಯು ಬರಿದಾದರೆ ಅಂದಿನ ಊಟವು ಮುಗಿಯಿತು. ಮೊದಲ ದಿನ ಮಧ್ಯಾಹ್ನಕ್ಕೇ ಬರಿದಾಗಿ, ರಾತ್ರಿ ಕೆಂಚ ಎಲ್ಲರ ಮುಖವನ್ನೂ ನೋಡುತ್ತ ಕುಳಿತುದನ್ನು ಕಂಡು ಮಕ್ಕಳೇ ಮರುದಿನದಿಂದ ಪಾಳಿಯನ್ನು ಗೊತ್ತುಮಾಡಿಕೊಂಡರು. ಅವ್ವನನ್ನು ಒಪ್ಪಿಸುವುದೇ ಕಷ್ಟವಾಯಿತು. ಕಳೆದ ವರ್ಷದ ಭೂಮಿ ಹುಣ್ಣಿಮೆಗೆ ಅವಳು ಎಡೆಯ ಬುಟ್ಟಿಯೊಳಗೆ ಬಾಳೆಯೆಲೆಯಲ್ಲಿ ಕಟ್ಟಿದ ಬೇರೆ ಗಂಟೊಂದನ್ನು ಇಟ್ಟಳು. ಬಿಚ್ಚಿ ನೋಡಿದರೆ ಉಪ್ಪಿಲ್ಲದ ಅನ್ನ, ಕುಂಬಳ, ಸೋಸಿದ ಹಾಲಿನ ಗಟ್ಟಿ. ನಮ್ಮೆಲ್ಲರಿಗೂ ಬಡಿಸುವ ಮುಂಚೆ ಅದನ್ನು ಬದುವಿನ ಮೇಲೆ ಎಲೆ ಹಾಸಿ ಕೆಂಚನಿಗೆ ಬಡಿಸಿದಳು. ಅದು ಉಂಡು ಮುಗಿಸಿ, ನನ್ನ ಹೋಳಿಗೆಯನ್ನು ನೋಡುತ್ತ ಕುಳಿತಿತು.

ಸೊರಬದ ಗೃಹಸ್ಥರು ಎರಡು ವಾರದ ಪರೀಕ್ಷೆಯಾದ ಮೇಲೆ ನಾಯಿಯ ತೂಕವನ್ನು ನೋಡಿ ನಮಗೆ ಬರೆಯಲಿ. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಬಳಿಕ ತಮ್ಮೊಬ್ಬರ ತೂಕವನ್ನು ಕಳೆದರೆ ಆಯಿತು.